ಮಾತಿನ ರಾಗ ಹಿಡಿದ ಯಾನಾಚೆಕ್

ಜೆಕ್ ಸಂಗೀತ ರಚನಕಾರ ಲೆಯೋಶ್ ಯಾನಾಚೆಕ್ ಅರವತ್ತನೆಯ ವಯಸ್ಸಿಗೇ, ಅಂದರೆ 1914ರಲ್ಲೇ ತೀರಿಕೊಂಡಿದ್ದರೆ ಸಂಗೀತದ ಚರಿತ್ರೆಯಲ್ಲಿ ಅವನಿಗೆ ಸಿಗುತ್ತಿದ್ದುದು ಒಂದು ಅಡಿಟಿಪ್ಪಣಿಯಷ್ಟು ಜಾಗ. ಮೊರಾವಿಯ ಪ್ರಾಂತ್ಯದ ಬರ್ನೋ ನಗರದ ಸಂಗೀತದ ಮೇಷ್ಟ್ರು, ಜನಪದ ಗೀತೆಗಳನ್ನು ಸಂಗ್ರಹಿಸಿದವನು, ಊರಿನ ರಂಗಮಂದಿರದಲ್ಲಿ ಒಂದೆರಡು ಒಪೆರಾ ಆಡಿಸಿದವನು, ಇಷ್ಟೇ. ಆದರೆ ಅವನು 1928ರ ಆಗಸ್ಟ್‌ವರೆಗೆ ಬದುಕಿದ. ಇವತ್ತು ಜಗತ್ತಿನ ಒಪೆರಾ ಮಂದಿರಗಳಲ್ಲಿ, ಕಛೇರಿಗಳಲ್ಲಿ ಕೇಳಿಬರುವ ಅವನ ಕೃತಿಗಳಲ್ಲಿ ಹೆಚ್ಚಿನವು ಕೊನೆಯ ಎಂಟು ಒಂಬತ್ತು ವರ್ಷಗಳಲ್ಲಿ ಬರೆದವು: 'ಕಾತ್ಯಾ ಕಬಾನೊವಾ', 'ಜಾಣ ಹೆಣ್ಣುನರಿ', 'ಮಾಕ್ರೊಪುಲೊಸ್ ಪ್ರಕರಣ', 'ಸತ್ತವರ ಮನೆಯಿಂದ' ಎಂಬ ನಾಲ್ಕು ಒಪೆರಾಗಳು, ಎರಡು ಸ್ಟ್ರಿಂಗ್ ಕ್ವಾರ್ಟೆಟ್‌ಗಳು, 'ಸಿನ್‌ಫೊನಿಯೆಟ್ಟಾ', 'ಗ್ಲಾಗೊಲಿಟಿಕ್ ಮಾಸ್'. ಇದನ್ನು ಮುಪ್ಪಿನಲ್ಲಿ ಮೂಡಿದ ಪವಾಡವೆಂದು ವರ್ಣಿಸುವುದು ವಾಡಿಕೆ. ಆದರೆ ಅವನ ಬದುಕನ್ನು ವರ್ಷದಿಂದ ವರ್ಷಕ್ಕೆ ನೋಡುತ್ತ ಹೋದರೆ ಬೇರೆಯದೇ ಕಾಣುತ್ತದೆ. ದಾರಿಯ ಸುಳಿವು ಅವನಿಗೆ ನಲವತ್ತರ ಸುಮಾರಿಗೇ ಸಿಕ್ಕಿತ್ತು. ಆ ದಾರಿಯಲ್ಲಿ ಹಿಂದೆಮುಂದೆ ನೋಡದೆ ನಡೆಯಲು ಬೇಕಾದ ಬಿಡುವು, ವೇದಿಕೆ, ಧೈರ್ಯ ಒಟ್ಟಿಗೆ ಒದಗಿದ್ದು ಅರವತ್ತೆರಡರಲ್ಲಿ.

ಯಾನಾಚೆಕ್ ಹುಟ್ಟಿದ್ದು 1854ರ ಜುಲೈ 3ರಂದು, ಮೊರಾವಿಯದ ಈಶಾನ್ಯ ಮೂಲೆಯ ಹುಕ್ವಾಲ್ಡಿ ಎಂಬ ಹಳ್ಳಿಯಲ್ಲಿ. ಆಗ ಅದು ಆಸ್ಟ್ರಿಯಾ ಸಾಮ್ರಾಜ್ಯದ ಭಾಗ. ಅಪ್ಪ ಯಿರ್ಝಿ ಶಾಲಾ ಮಾಸ್ತರ. ಆ ಕಾಲದ ಜೆಕ್ ಹಳ್ಳಿಗಳಲ್ಲಿ ಮಾಸ್ತರ ಎಂದರೆ ಚರ್ಚಿನಲ್ಲಿ ಆರ್ಗನ್ ನುಡಿಸುವವನೂ ಊರಿನ ಮಕ್ಕಳಿಗೆ ಹಾಡು ಕಲಿಸುವವನೂ ಅವನೇ. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ. ಹನ್ನೊಂದರ ಹುಡುಗನನ್ನು 1865ರಲ್ಲಿ ಹಳೇ ಬರ್ನೋದ ಅಗಸ್ಟೀನಿಯನ್ ಮಠಕ್ಕೆ ಸೇರಿಸಿದರು. ಅಲ್ಲಿ ಗಾಯಕ ಬಾಲಕರಿಗೆ ಊಟ, ವಸತಿ, ಓದು ಸಿಗುತ್ತಿತ್ತು. ನೀಲಿ ಸಮವಸ್ತ್ರ ಕೊಡುತ್ತಿದ್ದರು. ಮರುವರ್ಷವೇ ಅಪ್ಪ ತೀರಿಕೊಂಡ. ಮಠದ ಗಾಯನಗುರು ಪಾವೆಲ್ ಕ್ರಿಝ್ಕೊವ್‌ಸ್ಕಿ ಹುಡುಗನ ಮೊದಲ ದೊಡ್ಡ ಗುರುವಾದ. ಬಟಾಣಿ ಗಿಡಗಳಿಂದ ಅನುವಂಶೀಯತೆಯ ನಿಯಮಗಳನ್ನು ಕಂಡುಕೊಂಡ ಗ್ರೆಗೊರ್ ಮೆಂಡೆಲ್ ಇದ್ದದ್ದೂ ಇದೇ ಮಠದಲ್ಲಿ. 1884ರಲ್ಲಿ ಮೆಂಡೆಲ್ ತೀರಿಕೊಂಡಾಗ ಅಂತ್ಯಕ್ರಿಯೆಯಲ್ಲಿ ಆರ್ಗನ್ ನುಡಿಸಿದವನು ಯಾನಾಚೆಕ್.

ಮುಂದಿನ ಓದು ಬಡತನದಲ್ಲೇ ನಡೆಯಿತು. ಬರ್ನೋದಲ್ಲಿ ಶಿಕ್ಷಕ ತರಬೇತಿ, 1874–75ರಲ್ಲಿ ಪ್ರಾಗ್‌ನ ಆರ್ಗನ್ ಶಾಲೆ. ಪ್ರಾಗ್‌ನ ಕೋಣೆಯಲ್ಲಿ ಪಿಯಾನೊ ಇಲ್ಲದ ಕಾರಣ ಮೇಜಿನ ಮೇಲೆ ಸೀಮೆಸುಣ್ಣದಿಂದ ಕೀಲಿಮಣೆ ಬರೆದುಕೊಂಡು ಬೆರಳಾಡಿಸಿದ ಎಂಬುದು ಅವನ ಜೀವನಚರಿತ್ರೆಗಳಲ್ಲೆಲ್ಲ ಬರುವ ಸಂಗತಿ. 1879–80ರಲ್ಲಿ ಲೈಪ್ಝಿಗ್ ಮತ್ತು ವಿಯೆನ್ನಾದ ಸಂಗೀತ ಶಾಲೆಗಳಲ್ಲಿ ಸ್ವಲ್ಪ ಕಾಲ ಕಳೆದು ಬರ್ನೋಗೆ ಮರಳಿದ. 1881ರಲ್ಲಿ ಎರಡು ಘಟನೆ: ತನ್ನ ಶಿಷ್ಯೆ, ಇನ್ನೂ ಹದಿನಾರು ತುಂಬದ ಝ್ಡೆಂಕಾಳನ್ನು ಮದುವೆಯಾದ, ಬರ್ನೋದಲ್ಲಿ ಒಂದು ಆರ್ಗನ್ ಶಾಲೆ ಕಟ್ಟಿದ. ಮದುವೆ ಬೇಗನೆ ಹಳಸಿತು. ಶಾಲೆ ಬೆಳೆಯಿತು, 1919ರವರೆಗೂ ಅದರ ಹೊಣೆ ಅವನದೇ. ಜೊತೆಗೆ ಶಿಕ್ಷಕ ತರಬೇತಿ ಸಂಸ್ಥೆಯಲ್ಲಿ ಪಾಠ, ಗಾಯನ ಸಂಘಗಳ ಕಛೇರಿಗಳು, ಪತ್ರಿಕೆಗೆ ವಿಮರ್ಶೆ. ಸ್ವಂತ ರಚನೆಗೆ ಉಳಿಯುತ್ತಿದ್ದುದು ಸಂಜೆ ಮತ್ತು ಬೇಸಿಗೆ ರಜೆ.

ಆ ಕಾಲದ ರಚನೆಗಳು ಅಚ್ಚುಕಟ್ಟಾಗಿವೆ, ಆದರೆ ಅವನವೆನಿಸುವುದಿಲ್ಲ. ತನಗಿಂತ ಹದಿಮೂರು ವರ್ಷ ಹಿರಿಯನಾದ, ಸ್ನೇಹಿತನೂ ಆದ ಆಂಟೊನಿನ್ ಡ್ವೊರ್ಝಾಕ್‌ನ ನೆರಳು ಅವುಗಳ ಮೇಲೆ ದಟ್ಟವಾಗಿದೆ. 1887–88ರಲ್ಲಿ ಬರೆದ ಮೊದಲ ಒಪೆರಾ 'ಶಾರ್ಕಾ'ದ ಕಥೆ ಜೆಕ್ ಪುರಾಣದ್ದು. ಮೂಲ ಪಠ್ಯದ ಲೇಖಕ ಅನುಮತಿ ಕೊಡದ ಕಾರಣ ಅದು ವೇದಿಕೆ ಕಂಡದ್ದು 1925ರಲ್ಲಿ. ಮೂವತ್ತನಾಲ್ಕರ ವಯಸ್ಸಿನಲ್ಲಿ ಯಾನಾಚೆಕ್‌ನ ಬಳಿ ಕಸುಬು ಇತ್ತು, ದನಿ ಇರಲಿಲ್ಲ.

ತಿರುವು ಬಂದದ್ದು ಹಳ್ಳಿಗಳಿಂದ. 1888ರಿಂದ ಅವನು ಭಾಷಾಪಂಡಿತ ಫ್ರಾಂಟಿಶೆಕ್ ಬಾರ್ಟೊಶ್ ಜೊತೆ ಮೊರಾವಿಯದ ಜನಪದ ಹಾಡುಗಳನ್ನು ಸಂಗ್ರಹಿಸತೊಡಗಿದ. ಇಬ್ಬರೂ ಸೇರಿ ಹೊರತಂದ ದೊಡ್ಡ ಸಂಕಲನ 1901ರಲ್ಲಿ ಪೂರ್ತಿಯಾಯಿತು. ಅದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹಾಡುಗಳಿವೆ. ಸಂಗ್ರಾಹಕರು ಬಹುಮಟ್ಟಿಗೆ ಹಾಡನ್ನು ಬರೆದುಕೊಂಡು ಮನೆಗೆ ಬರುತ್ತಾರೆ. ಯಾನಾಚೆಕ್ ಗಮನಿಸಿದ್ದು ಹಾಡು ಶುರುವಾಗುವ ಮೊದಲು ಮತ್ತು ಮುಗಿದ ಮೇಲೆ ಆ ಜನ ಆಡುವ ಮಾತನ್ನು. ಮೊರಾವಿಯದ ಹಾಡಿನ ಲಯ ಸಮನಾದ ತಾಳಕ್ಕೆ ಕಟ್ಟುಬಿದ್ದದ್ದಲ್ಲ. ಅದು ನುಡಿಯ ಏರಿಳಿತವನ್ನು ಹಿಂಬಾಲಿಸುತ್ತದೆ, ಶಬ್ದ ಉದ್ದವಾದರೆ ಸ್ವರವೂ ಉದ್ದ, ಉಸಿರು ನಿಂತಲ್ಲಿ ಹಾಡೂ ನಿಲ್ಲುತ್ತದೆ. ಹಾಡು ಹುಟ್ಟುವುದು ಮಾತಿನಿಂದ ಎಂದಾದರೆ ಮಾತನ್ನೇ ಯಾಕೆ ಕೇಳಬಾರದು?

1897ರ ಸುಮಾರಿಗೆ ಅವನು ಈ ಕೆಲಸಕ್ಕೆ ಕ್ರಮವಾಗಿ ಕೈಹಾಕಿದ. ಜೇಬಿನಲ್ಲಿ ಸದಾ ಪುಟ್ಟ ನೋಟ್‌ಬುಕ್ಕು. ಮಾರುಕಟ್ಟೆಯ ಹೆಂಗಸರು, ರೈಲು ನಿಲ್ದಾಣದ ನೌಕರ, ಬೀದಿಯ ಮಕ್ಕಳು ಆಡಿದ ಮಾತು ಕಿವಿಗೆ ಬಿದ್ದರೆ ಅಲ್ಲೇ ನಿಂತು ಅದರ ಸ್ವರಗಳನ್ನು ಐದು ಗೆರೆಗಳ ಮೇಲೆ ಗುರುತಿಸುತ್ತಿದ್ದ. ಅದರ ಕೆಳಗೆ ಮಾತು, ಪಕ್ಕದಲ್ಲಿ ಜಾಗ, ಹೊತ್ತು, ಆಡಿದವರ ಮನಸ್ಥಿತಿ. 'ಹೌದಾ' ಎಂಬ ಒಂದೇ ಮಾತನ್ನು ಕನ್ನಡಿಗರು ಬೆರಗಿನಿಂದ ಹೇಳಿದಾಗ ದನಿ ಮೇಲಕ್ಕೆ ಜಿಗಿಯುತ್ತದೆ, ನಂಬದೆ ಹೇಳಿದಾಗ ಎಳೆಯುತ್ತದೆ, ಬೇಸರದಲ್ಲಿ ಹೇಳಿದಾಗ ಕೆಳಗಿಳಿದು ಅಲ್ಲೇ ಉಳಿಯುತ್ತದೆ. ಯಾನಾಚೆಕ್ ಹಿಡಿಯಲು ಹೊರಟದ್ದು ಇಂಥ ವ್ಯತ್ಯಾಸವನ್ನು. ಆಡಿದ ಮಾತಿನ ಅರ್ಥ ಸುಳ್ಳಾಗಬಹುದು, ಅದರ ರಾಗ ಸುಳ್ಳಾಗದು ಎಂಬುದು ಅವನ ನಂಬಿಕೆ. ಹಕ್ಕಿಗಳ ಕೂಗು, ನಾಯಿಯ ಬೊಗಳು, ನೀರಿನ ಸದ್ದು ಕೂಡ ಆ ಪುಸ್ತಕಗಳಲ್ಲಿವೆ. ಹೀಗೆ ಬರೆದುಕೊಂಡದ್ದನ್ನು ಅವನು ನೇರವಾಗಿ ಒಪೆರಾಗೆ ತುರುಕಲಿಲ್ಲ, ಇದನ್ನು ಒತ್ತಿ ಹೇಳಬೇಕು. ಅವು ಕಿವಿಯ ಸಾಧನೆ. ಒಬ್ಬ ವ್ಯಕ್ತಿ ಒಂದು ಸಂಕಟದಲ್ಲಿ ಹೇಗೆ ದನಿ ತೆಗೆಯುತ್ತಾನೆ ಎಂಬುದು ಬೆರಳತುದಿಗೆ ಬರುವಷ್ಟು ಕಾಲ ಅವನು ಈ ಅಭ್ಯಾಸ ನಡೆಸಿದ, ಸಾಯುವವರೆಗೂ ಬಿಡಲಿಲ್ಲ.

ಹೊಸ ಕಿವಿಯಿಂದ ಬರೆದ ಮೊದಲ ಕೃತಿ 'ಯೆನೂಫಾ'. ಗಾಬ್ರಿಯೆಲಾ ಪ್ರೈಸೊವಾಳ ನಾಟಕವೊಂದು ಅದಕ್ಕೆ ಆಧಾರ. ಹಿಟ್ಟಿನ ಗಿರಣಿಯ ಒಡೆಯ ಶ್ಟೇವಾನಿಂದ ಯೆನೂಫಾ ಎಂಬ ಹಳ್ಳಿಯ ಹುಡುಗಿ ಬಸುರಾಗುತ್ತಾಳೆ. ಅವಳನ್ನು ಪ್ರೀತಿಸುವ ಲಾತ್ಸಾ ಅಸೂಯೆಯಲ್ಲಿ ಅವಳ ಕೆನ್ನೆಗೆ ಚಾಕುವಿನ ಗೀರು ಹಾಕುತ್ತಾನೆ. ಮಗಳ ಮಾನ ಉಳಿಸಲು ಸಾಕುತಾಯಿ ಕೊಸ್ಟೆಲ್ನಿಚ್ಕಾ ಹಸುಗೂಸನ್ನು ಒಯ್ದು ಹೆಪ್ಪುಗಟ್ಟಿದ ನದಿಯ ಮಂಜಿನಡಿ ಮುಳುಗಿಸುತ್ತಾಳೆ. ವಸಂತದಲ್ಲಿ ಮಂಜು ಕರಗುತ್ತದೆ. ಯಾನಾಚೆಕ್ ನಾಟಕದ ಗದ್ಯವನ್ನು ಪದ್ಯವಾಗಿಸದೆ ಹಾಗೇ ಇಟ್ಟುಕೊಂಡ. ಪ್ರಾಸಬದ್ಧ ಪಂಕ್ತಿಗಳಿಗೆ ಒಗ್ಗಿದ ಜೆಕ್ ಒಪೆರಾದಲ್ಲಿ ಅದು ಹೊಸ ಸಾಹಸ. ಶುರುವಿನಲ್ಲೇ ಕೇಳಿಸುವ ಝೈಲೊಫೋನಿನ ಒಂದೇ ಸ್ವರದ ಟಕಟಕ ಗಿರಣಿಯ ಚಕ್ರದ್ದು. ಹುಡುಗಿಯ ಕಳವಳವೂ ಅದೇ. 1894ರಲ್ಲಿ ಹಿಡಿದ ಕೆಲಸ ಮುಗಿದದ್ದು 1903ರಲ್ಲಿ, ನಡುವೆ ವರ್ಷಗಟ್ಟಲೆ ಬಿಡುವು. ಆ ಬಿಡುವಿನ ಗುರುತು ಕೃತಿಯಲ್ಲೇ ಇದೆ. ಮೊದಲ ಅಂಕದಲ್ಲಿ ಹಳೇ ಪದ್ಧತಿಯ ಸಮೂಹಗಾನ, ಒಂದೇ ಮಾತನ್ನು ನಾಲ್ಕು ದನಿಗಳು ಹೊರಳಿ ಹೊರಳಿ ಹಾಡುವ ಭಾಗಗಳಿವೆ. ಎರಡನೆಯ ಅಂಕದಲ್ಲಿ ಕೊಸ್ಟೆಲ್ನಿಚ್ಕಾ ಕೂಸನ್ನು ಕೊಲ್ಲಲು ಮನಸ್ಸು ಗಟ್ಟಿಮಾಡಿಕೊಳ್ಳುವಾಗ ಅದೆಲ್ಲ ಕಳಚಿಬಿದ್ದಿದೆ. ಅಲ್ಲಿರುವುದು ಹೆದರಿದ ಹೆಂಗಸಿನ ತುಂಡು ತುಂಡು ಮಾತು, ಅದನ್ನು ಬೆನ್ನಟ್ಟುವ ವಾದ್ಯಗಳು. ಒಬ್ಬ ಕಲಾವಿದ ತನ್ನ ದಾರಿಗೆ ಹೊರಳಿದ್ದು ಒಂದೇ ಕೃತಿಯ ಒಳಗೆ ಇಷ್ಟು ಸ್ಪಷ್ಟವಾಗಿ ಕಾಣಸಿಗುವುದು ಅಪರೂಪ.

ಕೃತಿಯ ಕೊನೆಯ ಪುಟಗಳು ಮನೆಯ ಸಾವಿನ ನಡುವೆ ಬರೆದವು. ಮಗ ವ್ಲಾದಿಮೀರ್ 1890ರಲ್ಲಿ, ಎರಡು ವರ್ಷದವನಿದ್ದಾಗಲೇ ಹೋಗಿದ್ದ. ಉಳಿದ ಒಬ್ಬಳೇ ಮಗಳು ಓಲ್ಗಾ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಚಿಕ್ಕಪ್ಪನ ಮನೆಗೆ ಹೋದಾಗ ಟೈಫಾಯ್ಡ್ ಹತ್ತಿ, ಚೇತರಿಸಿಕೊಳ್ಳದೆ, 1903ರ ಫೆಬ್ರವರಿ 26ರಂದು ಇಪ್ಪತ್ತರ ವಯಸ್ಸಿನಲ್ಲಿ ತೀರಿಕೊಂಡಳು. ಒಪೆರಾವನ್ನು ವೇದಿಕೆಯ ಮೇಲೆ ತಾನು ನೋಡಲಾರೆ ಎಂದು ಅರಿತ ಮಗಳು ಕೇಳಿಕೊಂಡಾಗ ಅಪ್ಪ ಅದನ್ನು ಪೂರ್ತಿಯಾಗಿ ಪಿಯಾನೊದಲ್ಲಿ ನುಡಿಸಿ ಕೇಳಿಸಿದನೆಂದು ಆ ಮನೆಯ ಕೆಲಸದಾಕೆ ಮಾರಿಯೆ ಸ್ಟೆಯ್‌ಸ್ಕಾಲೊವಾ ನೆನಪಿಸಿಕೊಂಡಿದ್ದಾಳೆ. ಮಗಳ ಕೊನೆಯ ಮಾತುಗಳ ಸ್ವರಗಳನ್ನೂ ಅವನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ಇದನ್ನು ಕಲ್ಲೆದೆಯೆಂದು ಜರೆದವರಿದ್ದಾರೆ. ಆ ಮಾತು ಸರಿಯಲ್ಲ. ಮಗಳ ದನಿಯನ್ನು ಉಳಿಸಿಕೊಳ್ಳಲು ಅವನಿಗೆ ಗೊತ್ತಿದ್ದ ದಾರಿ ಅದೊಂದೇ. 'ಯೆನೂಫಾ' ಅರ್ಪಣೆಯಾದದ್ದು ಓಲ್ಗಾಳ ನೆನಪಿಗೆ.

1904ರ ಜನವರಿ 21ರಂದು ಬರ್ನೋದ ಚಿಕ್ಕ ರಂಗಮಂದಿರದಲ್ಲಿ ಅದರ ಮೊದಲ ಪ್ರದರ್ಶನವಾಯಿತು. ಊರಿನವರು ಮೆಚ್ಚಿದರು. ಆದರೆ ಜೆಕ್ ಒಪೆರಾಗೆ ಮನ್ನಣೆ ಸಿಗಬೇಕಾದರೆ ಅದು ಪ್ರಾಗ್‌ನ ರಾಷ್ಟ್ರೀಯ ರಂಗಮಂದಿರದಲ್ಲಿ ಆಡಬೇಕು. ಅಲ್ಲಿನ ಒಪೆರಾ ವಿಭಾಗದ ಮುಖ್ಯಸ್ಥ ಕಾರೆಲ್ ಕೊವರ್ಝೊವಿಟ್ಸ್ ಒಲ್ಲೆ ಎಂದ. ಇವರಿಬ್ಬರ ನಡುವೆ ಹಳೇ ಲೆಕ್ಕವೊಂದಿತ್ತು: 1887ರಲ್ಲಿ ಕೊವರ್ಝೊವಿಟ್ಸ್‌ನ ಹಾಸ್ಯ ಒಪೆರಾವೊಂದನ್ನು ಯಾನಾಚೆಕ್ ಕಟುವಾಗಿ ಗೇಲಿಮಾಡಿ ಬರೆದಿದ್ದ. ಹಗೆಯೊಂದೇ ಕಾರಣವೆನ್ನುವುದು ಅನ್ಯಾಯವಾದೀತು. ಒಂದು ಚಿಕ್ಕ ನುಡಿತುಣುಕನ್ನು ಮತ್ತೆ ಮತ್ತೆ ಬಡಿಯುವ ಆ ಸಂಗೀತ ನಯವಾದ ಅಭಿರುಚಿಯವರಿಗೆ ಒರಟಾಗಿ ಕೇಳಿಸಿದ್ದು ಸಹಜ. ಏನೇ ಇರಲಿ, ಪ್ರಾಗ್‌ನ ಬಾಗಿಲು ಹನ್ನೆರಡು ವರ್ಷ ಮುಚ್ಚಿಯೇ ಇತ್ತು.

ಆ ಹನ್ನೆರಡು ವರ್ಷ ಖಾಲಿ ಹೋಗಲಿಲ್ಲ, ಆದರೆ ಬರೆದದ್ದು ಜನಕ್ಕೆ ತಲುಪಲಿಲ್ಲ. 'ವಿಧಿ' ಎಂಬ ಒಪೆರಾವನ್ನು ಅವನು ಬದುಕಿರುವವರೆಗೆ ಯಾರೂ ಆಡಲಿಲ್ಲ. ಬರ್ನೋದಲ್ಲಿ ಜೆಕ್ ವಿಶ್ವವಿದ್ಯಾಲಯ ಬೇಕೆಂದು 1905ರ ಅಕ್ಟೋಬರ್ 1ರಂದು ನಡೆದ ಮೆರವಣಿಗೆಯಲ್ಲಿ ಸೈನಿಕನ ಬಯೊನೆಟ್‌ಗೆ ಬಲಿಯಾದ ಫ್ರಾಂಟಿಶೆಕ್ ಪಾವ್ಲಿಕ್ ಎಂಬ ಕೂಲಿಯಾಳಿನ ನೆನಪಿಗೆ ಬರೆದ ಪಿಯಾನೊ ಸೊನಾಟಾದ ಕಥೆ ಆ ಕಾಲದ ಅವನ ಮನಸ್ಸನ್ನು ತೋರಿಸುತ್ತದೆ. ಮೊದಲ ಪ್ರದರ್ಶನಕ್ಕೆ ಮುಂಚೆ ಮೂರನೆಯ ಭಾಗವನ್ನು ಬೆಂಕಿಗೆ ಹಾಕಿದ. ಆಮೇಲೆ ಉಳಿದೆರಡು ಭಾಗಗಳ ಹಸ್ತಪ್ರತಿಯನ್ನು ವ್ಲ್ಟಾವಾ ನದಿಗೆ ಎಸೆದ. ಅದು ಇಂದು ಉಳಿದಿದ್ದರೆ ನುಡಿಸಿದ ಪಿಯಾನೊ ಕಲಾವಿದೆ ತನ್ನ ಬಳಿ ನಕಲು ಇಟ್ಟುಕೊಂಡದ್ದರಿಂದ.

ಗಾಯಕಿ ಮಾರಿಯೆ ಕಾಲ್ಮಾ-ವೆಸೆಲಾ ಮತ್ತು ಅವಳ ಗಂಡ ಪಟ್ಟುಹಿಡಿದು ಒತ್ತಾಯಿಸಿದ ಮೇಲೆ ಕೊವರ್ಝೊವಿಟ್ಸ್ ಕೊನೆಗೂ 'ಯೆನೂಫಾ' ಆಡಿಸಲು ಒಪ್ಪಿದ, ಒಂದು ಷರತ್ತಿನ ಮೇಲೆ: ಕೃತಿಯನ್ನು ತಾನು ತಿದ್ದುತ್ತೇನೆ. ವಾದ್ಯಗಳ ಹಂಚಿಕೆಯನ್ನು ಮೆದುಗೊಳಿಸಿದ, ಅಲ್ಲಲ್ಲಿ ಕತ್ತರಿಸಿದ. 1916ರ ಮೇ 26ರಂದು ಪ್ರಾಗ್‌ನಲ್ಲಿ 'ಯೆನೂಫಾ' ಗೆದ್ದಿತು. ಯಾನಾಚೆಕ್‌ಗೆ ಆಗ ಅರವತ್ತೆರಡು ತುಂಬಲು ಕೆಲವೇ ವಾರ. ಕಾಫ್ಕಾನ ಗೆಳೆಯನಾಗಿ ಲೋಕಕ್ಕೆ ಪರಿಚಿತನಾದ ಮ್ಯಾಕ್ಸ್ ಬ್ರಾಡ್ ಅದರ ಪಠ್ಯವನ್ನು ಜರ್ಮನ್ ಭಾಷೆಗೆ ತಂದ, ವಿಯೆನ್ನಾದ ಯೂನಿವರ್ಸಲ್ ಎಡಿಷನ್ ಪ್ರಕಟಿಸಿತು. 1918ರಲ್ಲಿ ವಿಯೆನ್ನಾ, 1924ರಲ್ಲಿ ಬರ್ಲಿನ್ ಮತ್ತು ನ್ಯೂಯಾರ್ಕ್. ನಡುವೆ 1918ರ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯ ಒಡೆದು ಚೆಕೊಸ್ಲೊವಾಕಿಯ ಹುಟ್ಟಿತು. ಜೀವನವಿಡೀ ಜೆಕ್ ನುಡಿಗಾಗಿ ಹಟ ಹಿಡಿದವನಿಗೆ ಅದು ತನ್ನದೇ ಗೆಲುವು. ಮರುವರ್ಷ ಆರ್ಗನ್ ಶಾಲೆ ಬರ್ನೋ ಕನ್ಸರ್ವೇಟರಿಯಾಗಿ ಆಡಳಿತದ ಭಾರ ಇಳಿಯಿತು. ಊರಿನ ರಂಗಮಂದಿರ ಅವನ ಹೊಸ ಒಪೆರಾಗಾಗಿ ಕಾಯತೊಡಗಿತು. ಬರೆದದ್ದು ಆಡುತ್ತಾರೆ ಎಂಬ ಭರವಸೆ ರಚನಕಾರನಿಗೆ ಕೊಡುವ ಬಲವನ್ನು ಸ್ಫೂರ್ತಿಯ ಕಥೆಗಳು ಸಾಮಾನ್ಯವಾಗಿ ಮರೆತುಬಿಡುತ್ತವೆ.

ಸ್ಫೂರ್ತಿಯೂ ಇತ್ತು. 1917ರ ಬೇಸಿಗೆಯಲ್ಲಿ ಲುಹಾಚೊವಿಟ್ಸೆ ಎಂಬ ಚಿಕಿತ್ಸಾ ತಾಣದಲ್ಲಿ ಕಾಮಿಲಾ ಸ್ಟೆಸ್ಲೊವಾ ಎಂಬ ಗೃಹಿಣಿಯ ಪರಿಚಯವಾಯಿತು. ಅವನಿಗಿಂತ ಮೂವತ್ತೇಳು ವರ್ಷ ಕಿರಿಯಳು, ಇಬ್ಬರು ಮಕ್ಕಳ ತಾಯಿ, ಸಂಗೀತದಲ್ಲಿ ಹೆಚ್ಚಿನ ಆಸಕ್ತಿಯಿಲ್ಲದವಳು. ಮುಂದಿನ ಹನ್ನೊಂದು ವರ್ಷಗಳಲ್ಲಿ ಅವಳಿಗೆ ಏಳುನೂರಕ್ಕೂ ಹೆಚ್ಚು ಪತ್ರ ಬರೆದ. ತನ್ನ ಕೊನೆಯ ಕಾಲದ ನಾಯಕಿಯರಲ್ಲಿ ಅವಳನ್ನೇ ಕಂಡ. ಈ ಒಲವಿನ ಬೆಲೆ ತೆತ್ತವಳು ಝ್ಡೆಂಕಾ. ಅದೇ 1917ರಲ್ಲಿ ಗಂಡಹೆಂಡತಿ ಒಂದೇ ಸೂರಿನಡಿ ಬೇರೆ ಬೇರೆಯಾಗಿ ಬದುಕುವ ಒಪ್ಪಂದಕ್ಕೆ ಬಂದಿದ್ದರು. ಅವಳು ಬರೆಸಿದ ನೆನಪುಗಳು ಮುಂದೆ ಪುಸ್ತಕವಾಗಿವೆ. ಯಾನಾಚೆಕ್‌ನ ಸಂಗೀತವನ್ನು ಪ್ರೀತಿಸುವವರು ಅದನ್ನೂ ಓದಬೇಕು.

ಇನ್ನು ಕೃತಿಗಳ ಮಳೆ. 'ಕಾತ್ಯಾ ಕಬಾನೊವಾ' 1921ರ ನವೆಂಬರ್‌ನಲ್ಲಿ ಬರ್ನೋದಲ್ಲಿ ಆಡಿತು: ವೋಲ್ಗಾ ದಂಡೆಯ ಪಟ್ಟಣದಲ್ಲಿ ಅತ್ತೆಯ ದರ್ಪಕ್ಕೆ ಸಿಕ್ಕು ಉಸಿರುಗಟ್ಟುವ ಸೊಸೆಯ ಕಥೆ. 'ಜಾಣ ಹೆಣ್ಣುನರಿ'ಯ ಮೂಲ ಇನ್ನೂ ಸೋಜಿಗದ್ದು. 1920ರಲ್ಲಿ 'ಲಿದೊವೆ ನೊವಿನಿ' ದಿನಪತ್ರಿಕೆಯಲ್ಲಿ ಚಿತ್ರಗಳ ಜೊತೆ ಧಾರಾವಾಹಿಯಾಗಿ ಬರುತ್ತಿದ್ದ ನರಿಯ ಕಥೆ ಓದಿ ಕೆಲಸದಾಕೆ ಸ್ಟೆಯ್‌ಸ್ಕಾಲೊವಾ ನಗುತ್ತಿದ್ದಳು. ಏನು ನಗು ಎಂದು ಕೇಳಿದ ಯಜಮಾನ ತಾನೂ ಓದಿದ, ಅದು ಒಪೆರಾ ಆಯಿತು. ಮೂಲ ಕಥೆಯಲ್ಲಿ ನರಿ ಸಾಯುವುದಿಲ್ಲ. ಒಪೆರಾದಲ್ಲಿ ಅದು ಗುಂಡೇಟಿಗೆ ಬೀಳುತ್ತದೆ, ಬಹಳ ಬೇಗ, ಯಾವ ಗೋಳಾಟವೂ ಇಲ್ಲದೆ, ಕಾಡು ಮುಂದುವರಿಯುತ್ತದೆ. ಎಪ್ಪತ್ತರ ರಚನಕಾರ ಸಾವನ್ನು ಕಂಡ ಈ ಬಗೆಯಲ್ಲಿ ಭಯವೂ ಇಲ್ಲ, ಸುಳ್ಳು ಸಮಾಧಾನವೂ ಇಲ್ಲ. 1923ರಲ್ಲಿ ಟಾಲ್‌ಸ್ಟಾಯ್‌ನ 'ಕ್ರೂಟ್ಝರ್ ಸೊನಾಟಾ' ಕಥೆಯ ಪ್ರೇರಣೆಯ ಮೊದಲ ಸ್ಟ್ರಿಂಗ್ ಕ್ವಾರ್ಟೆಟ್ ಹತ್ತು ದಿನದೊಳಗೆ ಮುಗಿಯಿತು. ಹದಿನೈದು ವರ್ಷ ಹಿಂದೆ ಬರೆದು ಕಳೆದುಹೋದ ಪಿಯಾನೊ ತ್ರಯವೊಂದರ ಸಾಮಗ್ರಿ ಅದರಲ್ಲಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಆ ಹತ್ತು ದಿನದ ಹಿಂದೆ ಹದಿನೈದು ವರ್ಷಗಳಿದ್ದವು.

ಈ ಕಾಲದಲ್ಲಿ ಅವನು ಅಚ್ಚು ಗೆರೆಗಳ ಸಂಗೀತ ಕಾಗದವನ್ನು ಬಿಟ್ಟ. ಖಾಲಿ ಹಾಳೆಯ ಮೇಲೆ ತನಗೆ ಬೇಕಾದಷ್ಟೇ ಐದುಗೆರೆಗಳನ್ನು ಕೈಯಿಂದ ಎಳೆದುಕೊಳ್ಳುತ್ತಿದ್ದ. ಅಚ್ಚಿನ ಹಾಳೆಯಲ್ಲಿ ಎಲ್ಲ ವಾದ್ಯಗಳಿಗೂ ಗೆರೆ ಸಿದ್ಧವಿರುತ್ತದೆ. ಖಾಲಿ ಇದೆಯಲ್ಲ ಎಂದು ತುಂಬುವ ಮನಸ್ಸಾಗುತ್ತದೆ. ಅವನ ಹಾಳೆಯಲ್ಲಿ ಕೊಳಲು ಬೇಡವಾದರೆ ಕೊಳಲಿನ ಗೆರೆಯೇ ಇಲ್ಲ. ಅವನ ಕೊನೆಯ ಸಂಗೀತದ ದನಿ ಹೀಗೇಕಿದೆ ಎಂಬುದಕ್ಕೆ ಇದು ಒಳ್ಳೆಯ ವಿವರಣೆ. ತೀರ ಮೇಲಿನ ವಯೊಲಿನ್, ತೀರ ಕೆಳಗಿನ ಟ್ರೊಂಬೋನ್, ನಡುವೆ ಬಯಲು. ಒಂದು ನುಡಿತುಣುಕು ಬರುತ್ತದೆ, ತಿರುತಿರುಗಿ ಬರುತ್ತದೆ, ಮುನ್ಸೂಚನೆ ಇಲ್ಲದೆ ಕಡಿದುಹೋಗಿ ಬೇರೊಂದು ನುಗ್ಗುತ್ತದೆ. ಸೇತುವೆಗಳಿಲ್ಲ, ಅಲಂಕಾರವಿಲ್ಲ. ವಯಸ್ಸಾದಂತೆ ಕಲಾವಿದ ಮಾಗಿ ಮೆದುವಾಗುತ್ತಾನೆ ಎಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಅಪವಾದ ಸಿಗಲಾರದು.

1926 ಒಂದೇ ವರ್ಷ ಸಾಕು ಅವನ ಹುರುಪನ್ನು ಅಳೆಯಲು. ಜೂನ್‌ನಲ್ಲಿ ಪ್ರಾಗ್‌ನಲ್ಲಿ ವಾಟ್ಸ್ಲಾವ್ ತಾಲಿಖ್ ನಿರ್ದೇಶನದಲ್ಲಿ 'ಸಿನ್‌ಫೊನಿಯೆಟ್ಟಾ'. ಕಾಮಿಲಾಳ ಊರು ಪೀಸೆಕ್‌ನಲ್ಲಿ ಕೇಳಿದ ಮಿಲಿಟರಿ ಬ್ಯಾಂಡಿನ ಕಹಳೆಗಳಿಂದ ಹುಟ್ಟಿದ ಆ ಕೃತಿಯ ಮೊದಲ ಭಾಗದಲ್ಲಿ ಒಂಬತ್ತು ಟ್ರಂಪೆಟ್‌ಗಳು ಒಟ್ಟಿಗೆ ಮೊಳಗುತ್ತವೆ. (ಹರೂಕಿ ಮುರಕಾಮಿಯ '1ಕ್ಯು84' ಕಾದಂಬರಿ ಓದಿದವರಿಗೆ ಆರಂಭದಲ್ಲಿ ಟ್ಯಾಕ್ಸಿಯ ರೇಡಿಯೊದಲ್ಲಿ ಕೇಳಿಬರುವ ಸಂಗೀತ ಇದೇ ಎಂಬುದು ನೆನಪಿರುತ್ತದೆ.) ಬೇಸಿಗೆ ಮತ್ತು ಶರತ್ಕಾಲದಲ್ಲಿ ಹಳೇ ಸ್ಲಾವ್ ಪ್ರಾರ್ಥನಾ ಪಠ್ಯಕ್ಕೆ ಸಂಗೀತ ಕೂಡಿಸಿದ 'ಗ್ಲಾಗೊಲಿಟಿಕ್ ಮಾಸ್'. ಡಿಸೆಂಬರ್‌ನಲ್ಲಿ ಕಾರೆಲ್ ಚಾಪೆಕ್‌ನ ನಾಟಕ ಆಧರಿಸಿ, ಮುನ್ನೂರು ವರ್ಷ ದಾಟಿ ಬದುಕಿದ ಹೆಂಗಸೊಬ್ಬಳ ಕಥೆಯ 'ಮಾಕ್ರೊಪುಲೊಸ್ ಪ್ರಕರಣ'. ಮಾಸ್ ಕೇಳಿ ಅವನನ್ನು ದೈವಭಕ್ತನಾದ ಮುದುಕ ಎಂದು ಬರೆದ ತರುಣ ವಿಮರ್ಶಕನಿಗೆ ಯಾನಾಚೆಕ್ ತಾನು ಮುದುಕನೂ ಅಲ್ಲ, ಭಕ್ತನೂ ಅಲ್ಲ ಎಂದು ಕಾರ್ಡು ಬರೆದು ಹಾಕಿದ. ಆ ವಿಮರ್ಶಕ ಲುದ್ವಿಕ್ ಕುಂದೇರಾ, ಕಾದಂಬರಿಕಾರ ಮಿಲನ್ ಕುಂದೇರಾನ ಅಪ್ಪ.

1928ರ ಜನವರಿ ಕೊನೆಯಲ್ಲಿ ಶುರುಮಾಡಿ ಮೂರು ವಾರದಲ್ಲಿ ಎರಡನೆಯ ಕ್ವಾರ್ಟೆಟ್ 'ಅಂತರಂಗದ ಪತ್ರಗಳು' ಮುಗಿಸಿದ. ಆ ಬೇಸಿಗೆಯಲ್ಲಿ ಹುಕ್ವಾಲ್ಡಿಯಲ್ಲಿದ್ದಾಗ ನೆಗಡಿ ನ್ಯುಮೋನಿಯಾಕ್ಕೆ ತಿರುಗಿ, ಆಗಸ್ಟ್ 12ರಂದು ಓಸ್ಟ್ರಾವಾದ ಚಿಕಿತ್ಸಾಲಯದಲ್ಲಿ ತೀರಿಕೊಂಡ. ಬರ್ನೋದಲ್ಲಿ ನಡೆದ ಅಂತಿಮ ದರ್ಶನದಲ್ಲಿ 'ಜಾಣ ಹೆಣ್ಣುನರಿ'ಯ ಕೊನೆಯ ದೃಶ್ಯವನ್ನು ಹಾಡಿದರು.

ದಸ್ತೊಯೆವ್‌ಸ್ಕಿಯ ಸೈಬೀರಿಯಾ ಸೆರೆಮನೆಯ ಅನುಭವದ ಪುಸ್ತಕ ಆಧರಿಸಿದ 'ಸತ್ತವರ ಮನೆಯಿಂದ' ಬರೆದು ಮುಗಿದಿತ್ತು, ಮೂರನೆಯ ಅಂಕದ ಪರಿಶೀಲನೆಯಷ್ಟೇ ಬಾಕಿ ಇತ್ತು. ಅದರಲ್ಲಿ ಕಥಾನಾಯಕನಿಲ್ಲ, ಪ್ರೇಮವಿಲ್ಲ. ಕೈದಿಗಳು ಒಬ್ಬೊಬ್ಬರಾಗಿ ಎದ್ದುನಿಂತು ತಮ್ಮ ಅಪರಾಧ ಹೇಳಿಕೊಳ್ಳುತ್ತಾರೆ. ಬಯಲು ಬಯಲಾದ ಆ ಹಾಳೆಗಳನ್ನು ನೋಡಿದ ಶಿಷ್ಯರು ಗುರು ವಾದ್ಯಗಳನ್ನು ತುಂಬಿಸುವುದರೊಳಗೆ ಹೋಗಿಬಿಟ್ಟರು ಎಂದುಕೊಂಡರು. ಬ್ರೆಟಿಸ್ಲಾವ್ ಬಕಾಲಾ ಮತ್ತು ಓಸ್ವಾಲ್ಡ್ ಖ್ಲುಬ್ನಾ ಭಕ್ತಿಯಿಂದಲೇ ಅದನ್ನು ದಟ್ಟಗೊಳಿಸಿ, ಸ್ವಾತಂತ್ರ್ಯವನ್ನು ಸ್ತುತಿಸುವ ಸಮಾಪ್ತಿಯೊಂದನ್ನು ಕಟ್ಟಿ 1930ರ ಏಪ್ರಿಲ್‌ನಲ್ಲಿ ಆಡಿಸಿದರು. 'ಯೆನೂಫಾ'ವಂತೂ ಕೊವರ್ಝೊವಿಟ್ಸ್ ತಿದ್ದಿದ ರೂಪದಲ್ಲೇ ಲೋಕವೆಲ್ಲ ತಿರುಗಿತು. 1947ರಲ್ಲಿ ಪ್ರಾಗ್‌ಗೆ ಕಲಿಯಲು ಬಂದ ಆಸ್ಟ್ರೇಲಿಯದ ತರುಣ ಚಾರ್ಲ್ಸ್ ಮ್ಯಾಕೆರಸ್ 'ಕಾತ್ಯಾ' ಕೇಳಿ ಮರುಳಾಗಿ, 1951ರಲ್ಲಿ ಲಂಡನ್ನಿನಲ್ಲಿ ಅದನ್ನು ಆಡಿಸಿದ. ಮುಂದೆ ವಿದ್ವಾಂಸ ಜಾನ್ ಟಿರೆಲ್ ಜೊತೆಗೂಡಿ ಹಸ್ತಪ್ರತಿಗಳನ್ನು ಹುಡುಕಿ, ಪರರ ತಿದ್ದುಪಡಿಗಳನ್ನು ಒಂದೊಂದಾಗಿ ತೆಗೆದ. 1980ರ ದಶಕದಿಂದೀಚೆಗೆ 'ಯೆನೂಫಾ' ಮತ್ತು 'ಸತ್ತವರ ಮನೆಯಿಂದ' ಹೆಚ್ಚಾಗಿ ಯಾನಾಚೆಕ್ ಬರೆದ ರೂಪಕ್ಕೆ ಹತ್ತಿರವಾಗಿಯೇ ಆಡುತ್ತಿವೆ, ಒರಟು ಅಂಚುಗಳ ಸಮೇತ.